ಪಾಲಿಶ್‌ನವನ ಉಸಿರು

ಮರಕ್ಕೆ ಪಾಲಿಶ್ ಹಾಕುವ ಆ ಮನುಷ್ಯ ಕುಡಿತ ಬಿಟ್ಟಿಲ್ಲ, ಅಂಗಡಿ ಬದಲಿಸಿದ್ದಾನಷ್ಟೆ ಎಂಬುದು ಓಣಿಯಲ್ಲಿ ಚಾಲ್ತಿಯಲ್ಲಿರುವ ಮಾತು. ಮೊದಲು ಕಾಸು ಕೊಟ್ಟು ಕುಡಿಯುತ್ತಿದ್ದವನು ಈಗ ಕೆಲಸದ ಜಾಗದ ಸ್ಪಿರಿಟ್ ಡಬ್ಬಿಯಿಂದಲೇ ಬಿಟ್ಟಿಯಾಗಿ ಏರಿಸುತ್ತಾನಂತೆ. “ಮೇಜಿಗೊಂದು ಕೋಟು, ಗಂಟಲಿಗೊಂದು ಕೋಟು. ಇನ್ನೆರಡು ವರ್ಷ ಬಿಟ್ಟು ನೋಡಿ, ಮನುಷ್ಯ ಕತ್ತಲಲ್ಲೂ ಹೊಳೀತಾನೆ” ಎಂದು ಇಸ್ತ್ರಿಯವನು ಗಿರಾಕಿಗಳನ್ನು ನಗಿಸುತ್ತಾನೆ. ಮಕ್ಕಳು ಅವನನ್ನು ಸ್ಪಿರಿಟ್ ಮಾಮ ಎಂದು ಕರೆಯುತ್ತಾರೆ. ದೊಡ್ಡವರು ಗದರಿಸುವುದಿಲ್ಲ.

ಈ ಮಾತು ಸುಳ್ಳು. ಅರಗಿನ ಚಕ್ಕೆಗಳನ್ನು ಕರಗಿಸಿ ಪಾಲಿಶ್ ತಯಾರಿಸುವ ಆ ಸ್ಪಿರಿಟ್‌ಗೆ ಯಾರೂ ಕುಡಿಯಬಾರದೆಂದೇ ವಿಷ ಬೆರೆಸಿರುತ್ತಾರೆ. ಅದನ್ನು ಕುಡಿದು ಕಣ್ಣು ಕಳೆದುಕೊಂಡ ಜೊತೆಗಾರನೊಬ್ಬನನ್ನು ಇವನೇ ಕೈಹಿಡಿದು ಬಸ್ಸು ಹತ್ತಿಸಿದ್ದ. ಹೆಂಡತಿಯ ಓಲೆ ಮಾರಿ ಕುಡಿದ ಕಾಲದಲ್ಲೂ ಅವನು ಆ ಡಬ್ಬಿಯನ್ನು ತುಟಿಗೆ ಸೋಕಿಸಿರಲಿಲ್ಲ. ಅಂಗಡಿಯ ಸಾರಾಯಿಯನ್ನು ಬಿಟ್ಟೂ ಈಗ ಕೆಲವು ವರ್ಷಗಳಾಗಿವೆ. ಬಿಟ್ಟದ್ದು ಜ್ಞಾನೋದಯದಿಂದಲ್ಲ, ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಾರಿಕೊಂಡ, ಹೆದರಿದ. ಆ ಹೆದರಿಕೆ ಆಸ್ಪತ್ರೆಯಿಂದ ಅವನ ಜೊತೆಗೇ ಮನೆಗೆ ಬಂದು ಅಲ್ಲೇ ಉಳಿದುಕೊಂಡಿತು.

ಅವನ ಕಷ್ಟ ಬೇರೆಯೇ. ಹತ್ತಿಯ ಉಂಡೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಅರಗಿನ ದ್ರಾವಣದಲ್ಲಿ ಅದ್ದಿ, ಬೀರುವಿನ ಬಾಗಿಲ ಮೇಲೆ ಸುತ್ತುಸುತ್ತಾಗಿ ದಿನವಿಡೀ ಉಜ್ಜುವ ಕೆಲಸದಲ್ಲಿ ಸ್ಪಿರಿಟ್ ಆರಿಹೋಗುತ್ತದೆ, ವಾಸನೆ ಆರುವುದಿಲ್ಲ. ಅದು ಅಂಗಿಯ ಹೊಲಿಗೆಯಲ್ಲಿ, ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಕೂತುಬಿಡುತ್ತದೆ. ಉಜ್ಜಿ ಮುಗಿದ ಮೇಲೆ ಅವನು ಬಗ್ಗಿ ಮರದ ಮೇಲೆ ಬಾಯಿಂದ ಹಬೆ ಬಿಡುತ್ತಾನೆ. ಮಂಜು ಕಟ್ಟಿದ್ದು ಸಮವಾಗಿ ಕರಗಿದರೆ ಕೆಲಸ ಚೊಕ್ಕ. ಎಲ್ಲಾದರೂ ಮಚ್ಚೆ ಉಳಿದರೆ ಉಂಡೆ ಸರಾಗವಾಗಿ ಜಾರಲೆಂದು ಸವರಿದ ಎಣ್ಣೆ ಅಲ್ಲಿ ಉಳಿದಿದೆಯೆಂದು ಅರ್ಥ. ಮರಕ್ಕೆ ಅವನ ಉಸಿರೇ ಪರೀಕ್ಷೆ. ಮನೆಯಲ್ಲೂ ಅಷ್ಟೆ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಅವನ ಹೆಂಡತಿ ಮೊದಲಿನ ತಿಂಗಳುಗಳಲ್ಲಿ ಸಂಜೆ ಅವನನ್ನು ಹೊಸ್ತಿಲಲ್ಲೇ ತಡೆಯುತ್ತಿದ್ದಳು. “ಆ ಅನ್ನಿ” ಎನ್ನುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದ. ಅವಳ ಮುಖದಲ್ಲಿ ಮೂಡುತ್ತಿದ್ದುದು ಸಿಟ್ಟಲ್ಲ, ಗೊಂದಲ. ತಲೆಯಿಂದ ಕಾಲಿನವರೆಗೆ ಅದೇ ನಾತ ಹೊಡೆಯುವ ಮನುಷ್ಯನ ಉಸಿರನ್ನು ಬೇರೆಯಾಗಿ ಮೂಸುವುದು ಹೇಗೆ?

“ಬೇರೆ ಕೆಲಸ ಹಿಡೀರಿ” ಎಂದಳು. ರಟ್ಟಿನ ಪೆಟ್ಟಿಗೆ ಮಡಿಸುವ ಕೆಲಸಕ್ಕೆ ಹೋದ. ಕುಡಿತ ಬಿಟ್ಟರೂ ಬಿಡದ ಕೈನಡುಕಕ್ಕೆ ಪೆಟ್ಟಿಗೆಗಳೆಲ್ಲ ಸೊಟ್ಟಗಾದವು. ವಾರ ತುಂಬುವ ಮೊದಲೇ ಮರಗೆಲಸದ ಮೇಸ್ತ್ರಿಯ ಬಳಿಗೆ ಮರಳಿದ. “ಕುಡೀತಿದ್ದಾಗ ನಿನ್ನ ಕೈ ಬಂಗಾರ ಕಣಯ್ಯ,” ಎಂದ ಮೇಸ್ತ್ರಿ, ಬೇಸರದಿಂದಲೇ. “ಈಗ ನೀನು ಒಳ್ಳೆಯವನಾದೆ, ನನ್ನ ಬೀರು ಹಾಳಾಯ್ತು.” ಆದರೂ ಇಟ್ಟುಕೊಂಡ, ಮುಂಭಾಗದ ಕೆಲಸ ಬೇರೆಯವರಿಗೆ ಕೊಟ್ಟು, ಗೋಡೆಗೆ ತಿರುಗಿಸುವ ಹಿಂಬದಿಯನ್ನು ಇವನಿಗೆ ಬಿಟ್ಟ. ಹೆಂಡತಿ ಮೂಸುವುದನ್ನು ನಿಲ್ಲಿಸಿದಳು. ನಂಬಿ ನಿಲ್ಲಿಸಿದವಳಲ್ಲ, ಸಾಕಾಗಿ ನಿಲ್ಲಿಸಿದವಳು. ಕುಡಿಯುವ ಕಾಲದಲ್ಲಿ ಒಳಕೋಣೆಗೆ ಹಾಕಿಕೊಳ್ಳಲು ಕಲಿತ ಚಿಲಕವನ್ನು ಈಗಲೂ ಹಾಕಿಕೊಂಡೇ ಮಲಗುತ್ತಾಳೆ.

ಅವನಿಗೆ ಬೇಕಾಗಿದ್ದುದು ಒಂದೇ: ಮೊಮ್ಮಗಳು ಚಿಟ್ಟು. ಅವಳಿಗೆ ಮೂರು ತುಂಬಿತ್ತು. ಬಂದಾಗಲೆಲ್ಲ ಅವನ ಬೆನ್ನೇರಿ “ಹೈ ಹೈ ತಾತ” ಎಂದು ಕೂಗುತ್ತಿದ್ದಳು. ಆದರೆ ಮಗಳು ಅವಳನ್ನು ಅವನೊಬ್ಬನ ಬಳಿ ಒಂದು ಗಳಿಗೆಯೂ ಬಿಟ್ಟವಳಲ್ಲ. “ಬೇಜಾರು ಮಾಡ್ಕೋಬೇಡಪ್ಪ, ನನ್ನ ಕೈಲಿ ಆಗಲ್ಲ” ಎಂದು ನೇರವಾಗಿಯೇ ಹೇಳಿದ್ದಳು.

ಅದಕ್ಕೆ ಕಾರಣವಿತ್ತು. ಮಗಳು ಚಿಕ್ಕವಳಿದ್ದಾಗ ಶಾಲೆಯ ಬೂಟು ಕೊಡಿಸಲು ಕರೆದೊಯ್ದವನು ದಾರಿಯಲ್ಲಿ ಅವಳನ್ನೊಂದು ಕಟ್ಟೆಯ ಮೇಲೆ ಕೂರಿಸಿ, ಕೈಗೊಂದು ಪೆಪ್ಪರ್‌ಮೆಂಟ್ ಕೊಟ್ಟು, “ಇದು ಕರಗೋದ್ರೊಳಗೆ ಬರ್ತೀನಿ” ಎಂದು ಸಾರಾಯಿ ಅಂಗಡಿಯೊಳಗೆ ಹೋಗಿದ್ದ. ಆ ಕಾಲದಲ್ಲಿ ಅವನ ಜೇಬಿನಲ್ಲಿ ಸದಾ ಪೆಪ್ಪರ್‌ಮೆಂಟ್ ಇರುತ್ತಿತ್ತು, ಕುಡಿದ ವಾಸನೆ ಮುಚ್ಚಲು. ಒಳಗೆ ಹೋದವನು ಗೆಳೆಯರೊಂದಿಗೆ ಹಿಂಬಾಗಿಲಿನಿಂದ ಹೊರಬಿದ್ದು ಇನ್ನೆಲ್ಲಿಗೋ ಹೋದ. ಕಟ್ಟೆಯ ಮೇಲಿನ ಮಗು ಅವನ ನೆನಪಿನಿಂದಲೇ ಜಾರಿಹೋಗಿತ್ತು. ದೀಪ ಹೊತ್ತಿಸುವ ವೇಳೆಗೆ ಬೂಟಿನಂಗಡಿಯವನು ಅವಳನ್ನು ಮನೆ ಮುಟ್ಟಿಸಿದಾಗ, ತಿನ್ನದೆ ಹಿಡಿದುಕೊಂಡಿದ್ದ ಪೆಪ್ಪರ್‌ಮೆಂಟ್ ಮುಷ್ಟಿಯಲ್ಲಿ ಅಂಟಾಗಿ ಹೋಗಿತ್ತು. ತಿಂದರೆ ಕರಗುತ್ತದೆ, ಕರಗಿದ ಮೇಲೆ ಅಪ್ಪ ಬರುವುದಿಲ್ಲ ಎಂದುಕೊಂಡಿದ್ದಳು ಹುಡುಗಿ.

ಕಳೆದ ಚಳಿಗಾಲದಲ್ಲಿ ಅಳಿಯನಿಗೆ ಶಸ್ತ್ರಚಿಕಿತ್ಸೆಯಾಯಿತು. ಹೆಂಡತಿಗೆ ರಜೆ ಸಿಗಲಿಲ್ಲ. ಪಕ್ಕದ ಮನೆಯವರು ಊರಲ್ಲಿರಲಿಲ್ಲ. ಬೇರೆ ದಾರಿ ಕಾಣದೆ ಮಗಳು ಚಿಟ್ಟುವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಅವನ ಬಳಿ ಬಿಡಲು ಒಪ್ಪಿದಳು. “ಅಪ್ಪ, ಇದೊಂದು ಸಲ,” ಎಂದಳು. ಮುಂದಿನದನ್ನು ಹೇಳಲಿಲ್ಲ. ಅವನಿಗೆ ಕೇಳಿಸಿತು.

ಅಂದು ಅವನು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆಯೇ ಮೈಯುಜ್ಜಿ ಸ್ನಾನ ಮಾಡಿದ. ಸಮಾಧಾನವಾಗದೆ ಮತ್ತೊಮ್ಮೆ ಮಾಡಿದ. ಉಗುರುಗಳನ್ನು ಚರ್ಮದವರೆಗೂ ಕತ್ತರಿಸಿಕೊಂಡ. ಕೆಲಸದ ಜಾಗಕ್ಕೆ ಎಂದೂ ಹಾಕಿಕೊಂಡು ಹೋಗದ ಬಿಳಿ ಅಂಗಿ ತೊಟ್ಟ. ಮಗು ಬಂತು. ಕುದುರೆಯಾದ, ಬಸ್ಸಾದ, ಅವಳ ಗೊಂಬೆಗೆ ಜ್ವರ ನೋಡುವ ಡಾಕ್ಟರಾದ. ಅನ್ನ ಕಲಸಿ ತಿನ್ನಿಸಿದ. ನಿದ್ದೆ ಹೋದವಳ ಪಕ್ಕದಲ್ಲಿ, ಅವಳು ಉರುಳಿ ಬೀಳದಂತೆ, ಕಾಲು ಚಾಚಿ ಗೋಡೆಯಾಗಿ ಕೂತ.

ಮಗಳು ಬರುವ ಹೊತ್ತು ಹತ್ತಿರವಾದಂತೆ ಮತ್ತೆ ಮತ್ತೆ ಬಾಗಿಲತ್ತ ನೋಡತೊಡಗಿದ. ಅಂಗೈ ಮೂಸಿಕೊಂಡ. ಸ್ಪಿರಿಟ್ ಇನ್ನೂ ಇದೆಯೆಂದೇ ಅನ್ನಿಸಿತು. ಕಪಾಟಿನಲ್ಲಿ, ಕೆಮ್ಮಿಗೆಂದು ಹೆಂಡತಿ ಇಟ್ಟುಕೊಂಡಿದ್ದ ಪೆಪ್ಪರ್‌ಮೆಂಟಿನ ಪೊಟ್ಟಣವಿತ್ತು. ಕೈ ತಾನಾಗಿಯೇ ಅದರತ್ತ ಹೋಯಿತು. ಎಷ್ಟೋ ವರ್ಷಗಳ ಅಭ್ಯಾಸ ಕೈಗೆ ನೆನಪಿತ್ತು. ಅದು ಯಾವುದರ ಅಭ್ಯಾಸವೆಂಬುದು ತಲೆಗೆ ಹೊಳೆಯಲಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡ. ಎದ್ದು ಕೂತ ಚಿಟ್ಟು “ನಂಗೂ” ಎಂದು ಕೈಯೊಡ್ಡಿದಳು. ಕಚ್ಚಿ ಚೂರು ಮಾಡಿ ಅವಳಿಗೂ ಕೊಟ್ಟ.

ಬಾಗಿಲು ತೆರೆದ ಕೂಡಲೇ ಮಗು ಓಡಿಹೋಗಿ ಅಮ್ಮನ ಕೊರಳಿಗೆ ಜೋತುಬಿತ್ತು. ಮಗಳು ಅದರ ಕೆನ್ನೆಗೆ ಮುತ್ತಿಡಲು ಹೋದವಳು ಅಲ್ಲೇ ನಿಂತಳು.

“ಏನ್ ತಿಂದೆ ಕಂದ?”

“ತಾತ ಕೊಟ್ಟಿದ್ದು! ತಾತನ ಬಾಯಲ್ಲೂ ಇದೆ.”

ಮಗಳು ತಂದೆಯತ್ತ ನೋಡಿದಳು. ಆಗ ಅವನಿಗೆ ಕಟ್ಟೆ, ಬೂಟು, ಅಂಟಾದ ಮುಷ್ಟಿ ಎಲ್ಲ ಒಮ್ಮೆಲೇ ನೆನಪಾದವು.

“ಇಲ್ಲಮ್ಮ. ಆಣೆಗೂ ಇಲ್ಲ. ಉಗುರಿನ ವಾಸನೆಗೆ ಅಂತ ಹಾಕ್ಕೊಂಡೆ...”

“ವಾಸನೆಗೆ ಅಂತಲೇ ಅಲ್ವಾಪ್ಪ ಯಾವಾಗ್ಲೂ ಹಾಕ್ಕೋತಿದ್ದಿದ್ದು.” ಅವಳ ದನಿ ಏರಲಿಲ್ಲ.

ಅಷ್ಟರಲ್ಲಿ ಹೆಂಡತಿ ಕೆಲಸ ಮುಗಿಸಿ ಬಂದಳು. ಅವನು ಅವಳೆದುರು ಹೋಗಿ ನಿಂತ, ಅವಳು ಕೇಳುವ ಮೊದಲೇ ಬಾಯಿ ತೆರೆದ. “ನೀನಾದ್ರೂ ಮೂಸಿ ಹೇಳೇ.” ಅವಳು ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಹತ್ತಿರ ಬಂದು ಮೂಸಿದಳು.

“ಪೆಪ್ಪರ್‌ಮೆಂಟ್ ಬಿಟ್ರೆ ಏನೂ ಗೊತ್ತಾಗ್ತಿಲ್ಲ ರೀ. ಕುಡಿದಿದೀರ ಅಂತ ನಾನು ಹೇಳಲ್ಲ. ಕುಡಿದಿಲ್ಲ ಅಂತ ಹೇಳೋಕೂ ಬಾಯಿ ಬರ್ತಿಲ್ಲ.”

ಮಗಳು ಮಗುವಿನ ಚಪ್ಪಲಿ, ಗೊಂಬೆ, ಸ್ವೆಟರು ಚೀಲಕ್ಕೆ ತುಂಬಿದಳು. ಚಿಟ್ಟು ಬಾಗಿಲಿನಿಂದ ಕೈ ಬೀಸಿದಳು.

ಮಾರನೆಯ ಸಂಜೆ ಅವನು ಹಳೆಯ ಅಂಗಡಿಯ ಸಾಲಿನಲ್ಲಿ ನಿಂತ. ಹಿಂದೆ ಜೊತೆಗೂಡಿ ಕುಡಿಯುತ್ತಿದ್ದ ಟೆಂಪೋ ಚಾಲಕ ಹೆಗಲ ಮೇಲೆ ಕೈಹಾಕಿದ. “ಏನ್ ಗುರುವೇ, ಸನ್ಯಾಸ ಮುಗೀತಾ?”

“ಕುಡೀದೇನೇ ಕುಡುಕ ಅನ್ನಿಸ್ಕೊಂಡೆ ಕಣೋ.”

“ಹಾಗಾದ್ರೆ ಲಾಸು ಯಾಕೆ ಮಾಡ್ಕೋತೀಯ? ಕುಡಿದೇ ಅನ್ನಿಸ್ಕೋ!”

ಸುತ್ತಲಿನವರು ನಕ್ಕರು. ಅವನೂ ನಕ್ಕ. ಕಿಂಡಿಯ ಮುಂದೆ ಒಬ್ಬನೇ ಒಬ್ಬ ಉಳಿದಿದ್ದಾಗ ಸಾಲು ಬಿಟ್ಟು ಹೊರಬಂದ. “ಯಾಕೋ?” ಎಂದು ಚಾಲಕ ಕೂಗಿದ. “ಕುಡಿದ್ರೆ ಅವರ ಮಾತೇ ನಿಜ ಆಗಿಹೋಗುತ್ತೆ” ಎಂದ. ಅದರಲ್ಲಿ ಗೆಲುವಿನ ಸೊಲ್ಲಿರಲಿಲ್ಲ. ಹೆದರಿಕೆ ಹಳತಾಗಿ ಸವೆದಿತ್ತು. ಅದರ ಜಾಗದಲ್ಲಿ ಹಿಡಿದು ನಿಲ್ಲಲು ಅವನಿಗೆ ಸಿಕ್ಕಿದ್ದು ಈ ಹಟವೊಂದೇ.

ಅಳಿಯ ಚೇತರಿಸಿಕೊಂಡಿದ್ದಾನೆ. ಮಗಳು ತಾಯಿ ಮನೆಯಲ್ಲಿರುವ ದಿನ ನೋಡಿಕೊಂಡು ಬರುತ್ತಾಳೆ. ಚಿಟ್ಟು ತಾತನ ಬೆನ್ನೇರುತ್ತಾಳೆ, ಮಗಳು ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿರುತ್ತಾಳೆ. ಒಳಕೋಣೆಯ ಚಿಲಕ ಹಾಗೆಯೇ ಇದೆ. ಮೇಸ್ತ್ರಿ ಅವನಿಗೆ ಬೀರುಗಳ ಹಿಂಬದಿಯನ್ನೇ ಕೊಡುತ್ತಾನೆ. ಅವನು ಇವತ್ತೂ ಕುಡಿದಿಲ್ಲ. ಅದು ಗೊತ್ತಿರುವುದು ಅವನೊಬ್ಬನಿಗೆ.