ಗಟ್ಟಿ ಮೇಸ್ತ್ರಿ ಮತ್ತು ನೀರಿನಂಥ ಎಣ್ಣೆ

ನನ್ನ ಭಾವನಿಗೂ ಅವರ ಮಗಳಿಗೂ ಎಣ್ಣೆಯ ವಿಷಯಕ್ಕೆ ಮನಸ್ತಾಪವಾಗಿದೆ ಎಂಬ ಸುದ್ದಿ ಬೀದಿಗೆ ಬಿದ್ದಾಗ ಜನ ಬೇರೆಯೇ ಅರ್ಥ ಮಾಡಿಕೊಂಡರು. ಪಾಪ, ಮನುಷ್ಯ ಈ ವಯಸ್ಸಿನಲ್ಲಿ ಕುಡಿತಕ್ಕೆ ಬಿದ್ದನಲ್ಲ ಎಂದು ಎದುರಿನ ಔಷಧಿ ಅಂಗಡಿಯವರು ನನ್ನ ಹತ್ತಿರ ಲೊಚಗುಟ್ಟಿದರು. ಅದಲ್ಲ, ಇಂಜಿನ್ ಎಣ್ಣೆ ಎಂದು ತಿದ್ದಲು ಹೋದೆ. ಅಯ್ಯೋ, ಅದನ್ನೂ ಕುಡಿಯುತ್ತಾರಾ ಎಂದರು. ಆಮೇಲೆ ನಾನು ಯಾರನ್ನೂ ತಿದ್ದುವ ಗೋಜಿಗೆ ಹೋಗಲಿಲ್ಲ. ಸುದ್ದಿ ಬೀದಿಗೆ ಹೇಗೆ ಬಿತ್ತೆಂದು ನನಗೆ ಗೊತ್ತಿಲ್ಲ. ಅಕ್ಕ ಮಾತ್ರ ಆ ಪ್ರಶ್ನೆ ಬಂದಾಗೆಲ್ಲ ನನ್ನ ಮುಖವನ್ನೇ ನೋಡುತ್ತಾಳೆ.

ಭಾವ ಎಂದರೆ ಅಕ್ಕನ ಗಂಡ, ಕಾರು ರಿಪೇರಿಯವರು. ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು ಅವರ ಗ್ಯಾರೇಜು, ಅದರ ಹಿಂದೆಯೇ ಮನೆ. ಪಕ್ಕದ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ. ನಡುವಿನ ಗೋಡೆಯಲ್ಲಿ ಗಾಳಿಗೆಂದು ಒಂದು ಕಿಟಕಿ ಇಟ್ಟಿದ್ದಾರೆ. ಅದರಿಂದ ನನಗೆ ಗಾಳಿಗಿಂತ ಹೆಚ್ಚಾಗಿ ಸುದ್ದಿಯೇ ಬಂದಿದೆ. ಹಾಗಾಗಿ ನಾನು ಹೇಳುವುದನ್ನು ನೀವು ಧಾರಾಳವಾಗಿ ನಂಬಬಹುದು, ನಾದಿನಿಯ ಮಾತು ಎಂದು ಸ್ವಲ್ಪ ಕಳೆದು ನೋಡಿದರೆ ಸಾಕು.

ಬೀದಿಯವರು ಅವರನ್ನು ಗಟ್ಟಿ ಮೇಸ್ತ್ರಿ ಎನ್ನುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ. ಅವರ ದನಿ ಗಟ್ಟಿ. ಅವರು ಫೋನಿನಲ್ಲಿ ಮಾತಾಡುವಾಗ ಫೋನು ದಂಡ. ಅವರು ಬಿಗಿದ ನಟ್ಟು ಗಟ್ಟಿ. ಬೇರೆ ಗ್ಯಾರೇಜಿನವರು ಅದನ್ನು ಬಿಚ್ಚುವಾಗ ಅವರ ವಂಶವನ್ನೆಲ್ಲ ನೆನೆಯುತ್ತಾರೆ. ಚಹಾ ಗಟ್ಟಿಯಿರಬೇಕು, ಚಪ್ಪಲಿ ಗಟ್ಟಿಯಿರಬೇಕು, ನಾನು ಹೊಲಿದ ಅಂಗಿಯ ಗುಂಡಿಯನ್ನೂ ಒಮ್ಮೆ ಎಳೆದು ನೋಡಿಯೇ ತೊಡುತ್ತಾರೆ. ಮದುವೆಗೆ ಮುಂಚೆ ಅಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ, "ಆರೋಗ್ಯ ಗಟ್ಟಿ ಇದೆ ತಾನೇ?" ಅಕ್ಕ ಆಗಲೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ, ಗಟ್ಟಿಗಿತ್ತಿ.

ತಪ್ಪು ಪೂರ್ತಿ ಅವರದಲ್ಲ, ನಮ್ಮ ಮಾತಿನದೂ ಇದೆ. ಮಂದವಾದದ್ದಕ್ಕೂ ಗಟ್ಟಿ ಎನ್ನುತ್ತೇವೆ, ಬಲವಾದದ್ದಕ್ಕೂ ಗಟ್ಟಿ ಎನ್ನುತ್ತೇವೆ. ಗಟ್ಟಿಯಲ್ಲದ್ದೆಲ್ಲ ನಮಗೆ ನೀರು. ಹೀಗಿರುವಾಗ ಇಂಜಿನ್ನಿಗೆ ಗಟ್ಟಿ ಎಣ್ಣೆ ಒಳ್ಳೆಯದೋ ತೆಳು ಎಣ್ಣೆ ಒಳ್ಳೆಯದೋ ಎಂದು ಯಾರನ್ನಾದರೂ ಕೇಳಿ ನೋಡಿ. ಪ್ರಶ್ನೆಯ ಮಡಿಲಲ್ಲೇ ಉತ್ತರ ಕೂತಿರುತ್ತದೆ.

ಅಲ್ಲದೆ ಭಾವ ಕೆಲಸ ಕಲಿತದ್ದು ಹಳೆಯ ಲಾರಿಗಳ ಮೇಲೆ. ಸವೆದು ಸವೆದು ಒಳಗೆಲ್ಲ ಸಂದು ಬಿಟ್ಟ ಇಂಜಿನ್ನುಗಳು ಅವು. ತೆಳು ಎಣ್ಣೆ ಹಾಕಿದರೆ ಅರ್ಧ ಹೊಗೆಯಾಗುತ್ತಿತ್ತು, ಅರ್ಧ ರಸ್ತೆಗೆ ಸುರಿಯುತ್ತಿತ್ತು. ಮಂದ ಎಣ್ಣೆ ಹಾಕಿ ಹಾಕಿ ಅವರು ಎಷ್ಟೋ ಲಾರಿಗಳ ಆಯಸ್ಸು ಹೆಚ್ಚಿಸಿದ್ದಾರೆ, ಅದು ಸುಳ್ಳಲ್ಲ. ಸದಾ ತಪ್ಪು ಮಾಡಿಕೊಂಡು ಬಂದವರನ್ನು ಹೇಗೋ ತಿದ್ದಬಹುದು. ಒಂದು ಕಾಲದಲ್ಲಿ ಸರಿಯಾಗಿದ್ದವರನ್ನು ತಿದ್ದಲು ಹೋದವರು ಗಂಟಲು ಕಟ್ಟಿಸಿಕೊಂಡು ಬರುತ್ತಾರೆ.

ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಊರಿನ ಆ ತುದಿಯಲ್ಲಿದ್ದಾಳೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಕು ಹರಿಯುವ ಮುಂಚೆ ಹೊರಟು, ಮನೆಮನೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಗೊಣಗುತ್ತ ಕಾಯುವ ಮುದುಕರ ತೋಳಿನಿಂದ ರಕ್ತ ತೆಗೆದು ತರುತ್ತಾಳೆ. ಅದಕ್ಕೆಂದೇ ಹೊಸ ಕಾರು ಕೊಂಡಳು. ಭಾವ ಅದರ ಸುತ್ತ ತಿರುಗಿ, ಬಾನೆಟ್ ಎತ್ತಿ, ಪ್ಲಾಸ್ಟಿಕ್ ಮುಚ್ಚಿಗೆ ಬಿಟ್ಟು ಬೇರೇನೂ ಕಾಣದೆ ಮತ್ತೆ ಇಳಿಸಿದರು. ಉಚಿತ ಸರ್ವಿಸ್ ಮುಗಿಯುವ ತನಕ ಕಂಪನಿಯವರ ಹತ್ತಿರವೇ ಹೋಗಲಿ ಎಂದು ದೊಡ್ಡ ಮನಸ್ಸು ಮಾಡಿದರು. ಆಮೇಲೆ ಕಾಯತೊಡಗಿದರು. ಊರಿನವರೆಲ್ಲ ತಮ್ಮ ಕಾರಿನ ಕೀ ತಂದು ಅವರ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಮಗಳೂ ಒಂದು ದಿನ ತಂದಿಡಬೇಕು. ಅವರಿಗೆ ಬೇಕಾಗಿದ್ದು ಅಷ್ಟೇ. ಆ ಒಂದು ಆಸೆಯನ್ನು ಮಾತ್ರ ಅವರು ಗಟ್ಟಿಯಾಗಿ ಹೇಳಲಿಲ್ಲ.

ಉಚಿತ ಸರ್ವಿಸ್ ಮುಗಿಯಿತು, ಮಗಳು ಬಂದಳು. ಒಂದು ಕೈಯಲ್ಲಿ ಕೀ, ಇನ್ನೊಂದು ಕೈಯಲ್ಲಿ ಎಣ್ಣೆಯ ಡಬ್ಬ.

"ಅಪ್ಪ, ಎಣ್ಣೆ ನಾನೇ ತಂದಿದ್ದೀನಿ. ಇದನ್ನೇ ಹಾಕು."

ಭಾವ ಡಬ್ಬ ತಿರುಗಿಸಿ ಓದಿದರು. "ಝೀರೋ ಡಬ್ಲ್ಯೂ ಟ್ವೆಂಟಿ. ಸೊನ್ನೆ. ಇದರಲ್ಲಿ ಏನೂ ಇಲ್ಲ ಅಂತ ಅವರೇ ಬರ್ಕೊಂಡಿದ್ದಾರಲ್ಲ."

"ಸೊನ್ನೆ ಅಂದ್ರೆ ಚಳಿಯಲ್ಲಿ ಎಷ್ಟು ಬೇಗ ಹರಿಯುತ್ತೆ ಅನ್ನೋ ಲೆಕ್ಕ. ನಂಬರ್ ಕಮ್ಮಿ ಇದ್ದಷ್ಟೂ ಬೇಗ. ಇಪ್ಪತ್ತು ಅನ್ನೋದು ಇಂಜಿನ್ ಬಿಸಿಯಾದ ಮೇಲೆ ಎಷ್ಟು ಮಂದ ಇರುತ್ತೆ ಅಂತ. ಕಾರಿನ ಪುಸ್ತಕದಲ್ಲೂ ಇದೇ ಇದೆ, ಎಣ್ಣೆ ಹಾಕೋ ಮುಚ್ಚಳದ ಮೇಲೂ ಇದೇ ಅಚ್ಚಾಗಿದೆ."

"ಮುಚ್ಚಳ ಮಾಡಿದವನಿಗೇನು ಗೊತ್ತು ಇಂಜಿನ್ ಸಂಕಟ. ಇಂಥ ನೀರು ಹಾಕ್ಸಿ, ಬೇಗ ಕೆಡಿಸಿ, ಇನ್ನೊಂದು ಕಾರು ಮಾರೋಕೆ ಇದೆಲ್ಲ."

"ಹೊಸ ಇಂಜಿನ್ ಒಳಗೆ ಸಂದುಗಳು ಕೂದಲಿಗಿಂತ ಸಣ್ಣ ಅಪ್ಪ. ಗಟ್ಟಿ ಎಣ್ಣೆ ಅಲ್ಲಿಗೆ ಮುಟ್ಟೋಕೆ ತಡ ಆಗುತ್ತೆ. ನಾನು ಬೆಳಗಿನ ಚಳೀಲಿ ಸ್ಟಾರ್ಟ್ ಮಾಡ್ತೀನಿ, ಮನೆಗೊಂದು ಸಲ ನಿಲ್ಲಿಸ್ತೀನಿ. ಎಣ್ಣೆ ಬರೋ ತನಕ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ರಕ್ತಾನೂ ಹಾಗೇ, ಮಂದ ಆದ್ರೆ ಸಣ್ಣ ನಾಳಕ್ಕೆ ಹೋಗಲ್ಲ."

"ರಕ್ತ ನೀರಾದೋರು ಎಷ್ಟು ದಿನ ಬದುಕಿದ್ದಾರೆ, ನೀನೇ ಹೇಳು."

ನಾನು ಕಿಟಕಿಯಲ್ಲಿ ತಲೆ ಹಾಕಿದೆ. ಕರೆಯದೆ ಹೋಗುವುದು ನನಗೆ ಅಭ್ಯಾಸ. "ಭಾವ, ನನ್ನ ಹೊಲಿಗೆ ಮಿಷನ್ನಿಗೂ ನೀರಿನಂಥ ಎಣ್ಣೆನೇ ಹಾಕೋದು. ಮಂದ ಹಾಕಿದ್ರೆ ಹಿಡ್ಕೊಂಡುಬಿಡುತ್ತೆ."

"ನಿನ್ನ ಮಿಷನ್ ಮೇಲೆ ಯಾರೂ ಕೂತ್ಕೊಂಡು ಹೋಗಲ್ಲ," ಎಂದರು.

"ಇದನ್ನೇ ಹಾಕ್ತೀಯ ತಾನೇ?" ಎಂದು ಮಗಳು ಕೇಳಿದಳು.

"ಹಾಕ್ತೀನಿ," ಎಂದರು.

ಕೀ ಮೇಜಿನ ಮೇಲೆ ಬಂತು. ಬೇರೆಯವರ ಕೀಗಳನ್ನು ಭಾವ ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಇದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಅವಳು ಒಳಗೆ ಅಮ್ಮನ ಹತ್ತಿರ ಹರಟುತ್ತಿದ್ದಾಗ ಭಾವ ಹಳೆಯ ಎಣ್ಣೆ ಇಳಿಸಿ, ತಮ್ಮ ಪೀಪಾಯಿಯ ಮಂದ ಎಣ್ಣೆಯನ್ನು ಕಾರಿಗೆ ತುಂಬಿದರು. ಮಗಳ ಡಬ್ಬವನ್ನು ತಂದು ನನ್ನ ಲೈನಿಂಗ್ ಬಟ್ಟೆಯ ಥಾನುಗಳ ಹಿಂದೆ ಇಟ್ಟು, "ಇಲ್ಲಿರಲಿ, ಆಮೇಲೆ ತಗೋತೀನಿ," ಎಂದರು. ನಾನು ಕಾಲರಿನ ಮೂಲೆ ತಿರುಗಿಸುತ್ತಿದ್ದೆ, ತಲೆ ಎತ್ತಲಿಲ್ಲ. ಮೋಸ ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿರಲಾರದು. ಹಟಮಾರಿ ಮಗುವಿಗೆ ಸಕ್ಕರೆಯಲ್ಲಿ ಕಲಸಿ ಔಷಧಿ ಕೊಟ್ಟಷ್ಟೇ ಸಮಾಧಾನ ಅವರ ಮುಖದಲ್ಲಿತ್ತು. ಆ ವಾರವೆಲ್ಲ ಗಿರಾಕಿಗಳಿಗೆ, "ಮಗಳ ಕಾರೂ ಈಗ ನನ್ನ ಹತ್ರಾನೇ," ಎಂದು ಹೇಳಿದ್ದೇ ಹೇಳಿದ್ದು. ಕೇಳದವರಿಗೂ ಹೇಳಿದರು.

ಚಳಿ ಬಿತ್ತು. ಮಗಳ ಕಾರು ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಕಟಕಟ ಎನ್ನತೊಡಗಿತು. ಪೆಟ್ರೋಲು ಮೊದಲಿಗಿಂತ ಬೇಗ ಮುಗಿಯತೊಡಗಿತು. ಒಂದು ಭಾನುವಾರ ಬಂದವಳು, ಕೆಲಸದ ಕೋಟಿಗೆ ಲೈನಿಂಗ್ ಹಾಕಿಸಬೇಕೆಂದು ಮೊದಲು ನನ್ನ ಅಂಗಡಿಗೇ ಬಂದಳು. ಬಣ್ಣ ತಾನೇ ಆರಿಸುತ್ತೇನೆಂದು ಒಂದು ಥಾನು ಎಳೆದಳು. ಹಿಂದೆ ಡಬ್ಬ ಕೂತಿತ್ತು, ಸೀಲು ಒಡೆದಿರಲಿಲ್ಲ. ಒಂದು ಗಳಿಗೆ ಅದನ್ನೇ ನೋಡಿ ಥಾನನ್ನು ಇದ್ದ ಹಾಗೆಯೇ ಒಳಗೆ ತಳ್ಳಿದಳು. ನನ್ನನ್ನು ಏನೂ ಕೇಳಲಿಲ್ಲ. ನೇರ ಗ್ಯಾರೇಜಿಗೆ ಹೋದಳು.

"ಅಪ್ಪ, ಅವತ್ತು ಯಾವ ಎಣ್ಣೆ ಹಾಕಿದೆ?"

"ನೀನು ತಂದಿದ್ದೇ. ಇನ್ಯಾವುದು?"

"ಸರಿ," ಎಂದಳು.

ಮರುದಿನ ಕಂಪನಿಯ ವರ್ಕ್‌ಶಾಪಿನಲ್ಲಿ ಎಣ್ಣೆ ಬದಲಾಯಿಸಿಕೊಂಡಳು. ಮುಂದಿನ ಭಾನುವಾರ ಅವಳು ಬಂದದ್ದು ಬಸ್ಸಿನಲ್ಲಿ.

ಬಸ್ ನಿಲ್ದಾಣ ಗ್ಯಾರೇಜಿನ ಎದುರಿಗೇ ಇದೆ. ಮಗಳು ಇಳಿಯುವುದನ್ನು ನೋಡಿ ಭಾವ ಸ್ಪ್ಯಾನರ್ ಕೆಳಗಿಟ್ಟರು. "ಗಾಡಿ ಕೆಟ್ಟಿತಾ?" ಎಂದರು. ದನಿಯಲ್ಲಿ ಗಾಬರಿ ಇತ್ತು, ಚೂರು ಆಸೆಯೂ ಇತ್ತು. ಕೆಟ್ಟರೆ ತಾವೇ ಸರಿ ಮಾಡಬಹುದಲ್ಲ.

"ಇಲ್ಲಪ್ಪ, ಚೆನ್ನಾಗಿದೆ. ಬಸ್ಸು ಆರಾಮ."

ಅದರ ಮುಂದಿನ ಭಾನುವಾರವೂ ಬಸ್ಸು. ಆಮೇಲೆ ಅದೇ ರೂಢಿಯಾಯಿತು. ಭಾವ ಕಾರಣಗಳನ್ನು ತಾವೇ ಹುಡುಕಿಕೊಂಡರು. ಪೆಟ್ರೋಲು ತುಟ್ಟಿ ಎಂದರು, ಇಲ್ಲಿ ನಿಲ್ಲಿಸಲು ಜಾಗ ಕಮ್ಮಿ ಎಂದರು. ಗ್ಯಾರೇಜಿನ ಮುಂದೆ ಜಾಗ ಕಮ್ಮಿಯಂತೆ. ಜಗಳವಾಡಿದ್ದರೆ ಅಪ್ಪ ಮಗಳು ಎಣ್ಣೆ ಸೀಗೆಕಾಯಿ ಎಂದು ಸುಮ್ಮನಾಗಬಹುದಿತ್ತು. ಇಬ್ಬರೂ ನಗುನಗುತ್ತಲೇ ಮಾತಾಡುತ್ತಿದ್ದರು, ಅದನ್ನೇ ನೋಡಲಾಗುತ್ತಿರಲಿಲ್ಲ.

ಕೊನೆಗೆ ನಾನೇ ಅವಳನ್ನು ಹಿಡಿದು ಕೇಳಿದೆ. "ಮನೆ ಮುಂದೆ ಕಾರಿಟ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಬರ್ತೀಯಲ್ಲೇ, ಏನು ಹುಚ್ಚು?"

"ತಂದ್ರೆ ಅಪ್ಪ ಕೀ ಕೇಳ್ತಾನೆ ಚಿಕ್ಕಮ್ಮ. ಕೇಳಿದ್ರೆ ನಾನು ಕೊಡಲ್ಲ ಅನ್ಬೇಕು. ಅದು ನನ್ನ ಕೈಲಾಗಲ್ಲ."

ನನಗೆ ಭಾವನ ಮೇಲೆ ಸಿಟ್ಟು ನೆತ್ತಿಗೇರಿತು. ಇಂಥ ಮಗಳನ್ನು ಪಡೆದೂ ಪೀಪಾಯಿಯನ್ನು ನಂಬಿದ ಮನುಷ್ಯ. ಆದರೆ ಆ ಸಂಜೆ ಬಸ್ಸು ಹತ್ತಿದ ಮಗಳಿಗೆ ಕೈಬೀಸಿ, ಬಸ್ಸು ತಿರುವು ದಾಟಿದ ಮೇಲೂ ಅವರು ಅಲ್ಲೇ ನಿಂತಿದ್ದನ್ನು ಕಂಡು ಆ ಸಿಟ್ಟು ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ನನ್ನ ಅಂಗಡಿಗೆ ಬಂದರು. ಥಾನು ಸರಿಸಿ ಡಬ್ಬ ನೋಡಿದರು.

"ಇದನ್ನ ಅವಳು ನೋಡಿದ್ಲಾ?"

"ನೋಡಿದ್ಲು."

"ಯಾವಾಗ?"

"ನೀವು ಸುಳ್ಳು ಹೇಳೋಕೆ ಸ್ವಲ್ಪ ಮುಂಚೆ."

ಭಾವ ಅಳತೆ ಕೊಡುವವರಿಗೆಂದು ಇಟ್ಟ ಸ್ಟೂಲಿನ ಮೇಲೆ ಕೂತರು.

"ಗೊತ್ತಿದ್ದ ಮೇಲೆ ಯಾಕೆ ಕೇಳಿದ್ಲು?"

"ನೀವು ನಿಜ ಹೇಳ್ಲಿ ಅಂತ."

ಆ ವಾರ ಅವರು ಮಗಳಿಗೆ ಫೋನು ಮಾಡಿದರು. ಮಿಷನ್ ತುಳಿಯುವ ಸದ್ದಿನಲ್ಲೂ ನನಗೆ ಸ್ಪಷ್ಟವಾಗಿ ಕೇಳಬೇಕಿತ್ತು. ಕೇಳಲಿಲ್ಲ, ಅಷ್ಟು ಮೆಲ್ಲಗೆ ಮಾತಾಡಿದರು. ನಾನು ಮಿಷನ್ ನಿಲ್ಲಿಸಿದೆ. "ಅವತ್ತು ಹಾಕಿದ್ದು ನಿಂದಲ್ಲ, ನಂದು," ಎಂದರು. ಆಮೇಲೆ, "ಎಣ್ಣೆ ಬದಲಾಯಿಸೋ ಹೊತ್ತಿಗೆ ಕಾರು ತಗೊಂಡು ಬಾ. ನೀನು ಹೇಳಿದ್ದೇ ಹಾಕ್ತೀನಿ. ಪಕ್ಕದಲ್ಲೇ ನಿಂತು ನೋಡ್ಕೋ," ಎಂದರು. ತೆಳು ಎಣ್ಣೆ ಒಳ್ಳೆಯದು ಎಂದು ಮಾತ್ರ ಬಾಯಿ ತಪ್ಪಿಯೂ ಅನ್ನಲಿಲ್ಲ. ಅಷ್ಟರಮಟ್ಟಿಗೆ ಅವರು ಇವತ್ತಿಗೂ ಗಟ್ಟಿ ಮೇಸ್ತ್ರಿಯೇ.

ಎಣ್ಣೆ ಬದಲಾಯಿಸುವ ಹೊತ್ತು ಬಂದಾಗ ಮಗಳು ಕಾರಿನಲ್ಲೇ ಬಂದಳು. ಭಾವ ಅವಳಿಗೆಂದು ಒಂದು ಕುರ್ಚಿ ಒರೆಸಿ, ಕಾರಿನ ಮೂತಿಯ ಪಕ್ಕದಲ್ಲಿ ಹಾಕಿದ್ದರು. ನನ್ನ ಅಂಗಡಿಯಿಂದ ಡಬ್ಬ ತೆಗೆದುಕೊಂಡು ಹೋಗಿ, ಸೀಲು ಕಾಣುವ ಹಾಗೆ ಬೆಂಚಿನ ಮೇಲೆ ಇಟ್ಟಿದ್ದರು. ಮಗಳು ಕುರ್ಚಿ ನೋಡಿದಳು, ಡಬ್ಬ ನೋಡಿದಳು. ಮೇಜಿನ ಮೇಲೆ ಕೀ ಇಟ್ಟಳು.

"ಹಸಿವಾಗ್ತಿದೆ. ನಾನು ಒಳಗೆ ಇರ್ತೀನಿ," ಎಂದು ಹೋಗಿಬಿಟ್ಟಳು.

ಭಾವ ಕುರ್ಚಿಯ ಮುಂದೆ ನಿಂತರು. ಒಂದು ಕಡೆ ಡಬ್ಬ, ಇನ್ನೊಂದು ಕಡೆ ಪೀಪಾಯಿ, ಸುತ್ತ ಯಾರೂ ಇಲ್ಲ. ನನ್ನನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯದನ್ನು ಇಳಿಸಿದರು, ಸೀಲು ಒಡೆದರು, ಸುರಿದರು. ಎಣ್ಣೆ ಸದ್ದಿಲ್ಲದೆ ಸರ್ರನೆ ಒಳಗೆ ಹೋಯಿತು. ಅವರ ಮುಖ ಮಾತ್ರ ಯಾರೋ ತಮ್ಮ ಬಾಯಿಗೇ ಕಷಾಯ ಸುರಿದ ಹಾಗಿತ್ತು. ಕೊನೆಯ ಹನಿಯವರೆಗೂ ಡಬ್ಬ ಬಗ್ಗಿಸಿ ಹಿಡಿದಿದ್ದರು.

ಊಟ ಮಾಡಿ ಮಗಳು ಹೊರಗೆ ಬಂದಳು. ಭಾವ ಕೈ ಒರೆಸುತ್ತ, "ಆಯ್ತು," ಎಂದರು. ಅವಳು, "ಸರಿ ಅಪ್ಪ," ಎಂದಳು. ಭಾವ ಇನ್ನೂ ನಿಂತೇ ಇದ್ದರು. ಯಾವ ಎಣ್ಣೆ ಎಂದು ಅವಳು ಕೇಳಲಿಲ್ಲ, ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ಅವರ ತಲೆಗೂದಲಲ್ಲಿ ಸಿಕ್ಕಿದ್ದ ಒಂದು ಹತ್ತಿಯ ಎಳೆ ತೆಗೆದು ಬಿಸಾಡಿ, ಕೀ ತೆಗೆದುಕೊಂಡು, ಕಾರು ಹತ್ತಿ ಹೋದಳು.

ಭಾವ ಖಾಲಿ ಡಬ್ಬ ಹಿಡಿದು ಕಿಟಕಿಯ ಹತ್ತಿರ ಬಂದರು.

"ಕೇಳಲೇ ಇಲ್ಲ ನೋಡು," ಎಂದರು.

"ಕೇಳಬೇಕಿತ್ತಾ?"

"ಒಂದು ಮಾತು ಕೇಳಿದ್ರೆ ಏನು ಹೋಗ್ತಿತ್ತು ಇವಳಿಗೆ. ನಿಜ ಹೇಳೋಕೆ ಅಂತ ನಿಂತಿದ್ದೆ." ಕಣ್ಣಲ್ಲಿ ನೀರಿತ್ತು, ಆದರೂ ಮುಖ ಊದಿಸಿಕೊಂಡಿದ್ದರು. "ಮುಂದಿನ ಸಲಾನೂ ಹೀಗೇ ಕೀ ಇಟ್ಟು ಹೋಗ್ತಾಳಾ?"

"ಹೋಗ್ತಾಳೆ."

"ಪಕ್ಕದಲ್ಲಿ ನಿಂತು ಕಾಯ್ತಿದ್ರೆ ಹೇಗಾದ್ರೂ ಕಣ್ಣು ತಪ್ಪಿಸಿ ನಂದೇ ಹಾಕಿಬಿಡ್ತಿದ್ದೆ," ಎಂದರು ಭಾವ. "ಹೀಗೆ ಮಾಡಿದ್ರೆ ನಾನು ಇನ್ನೇನು ಮಾಡ್ಲಿ ಹೇಳು. ಪ್ರತಿ ಸಲಾನೂ ಆ ನೀರನ್ನೇ ಹಾಕಬೇಕು."