ಕೀವಾಗದ ಗಾಯ

ತೊಂಬತ್ತರ ದಶಕದುದ್ದಕ್ಕೂ ನಾನು ಶಿವಮೊಗ್ಗದ ಒಂದು ಸಣ್ಣ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತವಳು. ಬಿಳಿ ರಕ್ತಕಣಗಳನ್ನು ಎಣಿಸುವುದೇ ಕೆಲಸ. ಗಾಜಿನ ಮೇಲೆ ಹನಿ ರಕ್ತ ಸವರಿ, ಬಣ್ಣ ಹಾಕಿ, ಒಂದೊಂದು ಕಣ ಕಂಡಾಗಲೂ ಕೌಂಟರ್ ಒತ್ತುತ್ತಾ ನೂರು ಮುಟ್ಟಬೇಕು. ರೋಗಾಣು ಎಲ್ಲಿ ಹೊಕ್ಕರೂ ಅಲ್ಲಿಗೆ ಓಡಿ, ಅದನ್ನು ನುಂಗಿ, ತಾವೂ ಸಾಯುವ ಕಣಗಳು ಇವು. ಹಾಗೆ ಸತ್ತವುಗಳ ರಾಶಿಯೇ ಕೀವು. ಕಲಿಯಲು ಬಂದ ಹುಡುಗಿಯರಿಗೆಲ್ಲ ಇದನ್ನು ದೊಡ್ಡ ಗತ್ತಿನಿಂದ ಹೇಳಿಕೊಡುತ್ತಿದ್ದೆ.

ಭದ್ರಾವತಿಯಲ್ಲಿದ್ದ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಯಿತು. ಕೀಮೋ ಹಾಕಿಸಿಕೊಂಡು ವಿದ್ಯಾನಗರದ ನಮ್ಮ ಮನೆಗೆ ಬಂದಳು. ಆ ಮದ್ದಿಗೆ ಬಿಳಿ ಕಣಗಳೂ ಸಾಯುತ್ತವೆ, ಸಣ್ಣ ಗಾಯವಾದರೂ ತಕ್ಷಣ ಕರೆತನ್ನಿ ಎಂದಿದ್ದರು ಡಾಕ್ಟರು. ಆದರೆ ಅಕ್ಕನಿಗೆ ಸುಮ್ಮನೆ ಕೂರಲು ಬರಬೇಕಲ್ಲ! ನನ್ನ ಸೀರೆಗೆ ಫಾಲ್ ಹೊಲಿಯುತ್ತಾ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಮೂರನೆಯ ದಿನ ಬೆರಳು ತೋರಿಸಿದಳು. "ನೋಡೇ, ಸ್ವಲ್ಪ ನೋವು. ಕೀವು ಗೀವು ಏನೂ ಇಲ್ಲ. ಡಾಕ್ಟರ ಹತ್ರ ಹೋಗ್ಬೇಕಾ ಮಾರಾಯ್ತಿ?"

ಸುತ್ತ ತುಸು ಕೆಂಪಾಗಿತ್ತು, ಅಷ್ಟೇ. ಚಿಕ್ಕಂದಿನಲ್ಲಿ ಅಮ್ಮ ನಮ್ಮ ಗಾಯಗಳನ್ನು ಒತ್ತಿ ನೋಡಿ, ಕೀವಿಲ್ಲದಿದ್ದರೆ ಅರಿಶಿನ ಮೆತ್ತಿ ಆಡಲು ಬಿಡುತ್ತಿದ್ದಳು. "ಏನೂ ಆಗಲ್ಲ ಕಣಕ್ಕ, ಒಣಗ್ತಿದೆ" ಎಂದು ನಾನೂ ಅರಿಶಿನ ಮೆತ್ತಿ ಕೆಲಸಕ್ಕೆ ಹೋದೆ. ಕೀವಾಗಲು ಬೇಕಾದ ಕಣಗಳೇ ಅವಳಲ್ಲಿ ಉಳಿದಿಲ್ಲ ಎಂಬುದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಚಳಿಜ್ವರ. ಆಸ್ಪತ್ರೆಗೆ ಸೇರಿಸಿದೆವು. ಅವಳ ರಕ್ತ ನಮ್ಮ ಲ್ಯಾಬಿಗೇ ಬಂತು. ಜೊತೆಯವರು ಬೇಡವೆಂದರೂ ಕೇಳದೆ ನಾನೇ ಕುಳಿತೆ. ಗಾಜನ್ನು ಈ ತುದಿಯಿಂದ ಆ ತುದಿಗೆ ಸರಿಸಿದೆ. ಕೆಂಪು ಕಣಗಳು, ಬರೀ ಕೆಂಪು ಕಣಗಳು. ಎರಡನೆಯ ಗಾಜು, ಮೂರನೆಯದು. ಕೌಂಟರ್ ಒಂಬತ್ತಕ್ಕೆ ನಿಂತಿತು. ಅಳು ಬಂದು ಕಣ್ಣು ಮಂಜಾಗಿತ್ತು. ಕಾಣದೆ ಬಿಟ್ಟಿರಬಹುದೆಂದು ಮತ್ತೆ ಮೊದಲಿನಿಂದ ಹುಡುಕಿದೆ.

ಸಂಜೆ ವಾರ್ಡಿನಲ್ಲಿ ಅಕ್ಕ ನನ್ನ ಕೈ ಹಿಡಿದಳು. "ಮೊದ್ಲೇ ಯಾಕೆ ಬರ್ಲಿಲ್ಲ ಅಂತ ಡಾಕ್ಟರು ಬೈದ್ರು. ನಾನೇ ಯಾರಿಗೂ ಹೇಳ್ಲಿಲ್ಲ ಅಂದೆ. ನೀನು ಬಾಯಿ ಬಿಡ್ಬೇಡ, ನಿನ್ನ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತೆ."

ನಾನು ಬಾಯಿ ಬಿಡಲಿಲ್ಲ.

ಎರಡೇ ದಿನಕ್ಕೆ ಅಕ್ಕ ತೀರಿಕೊಂಡಳು. ಭಾವ ಇಂದಿಗೂ ಅವಳ ಮಾತನ್ನೇ ನಂಬಿದ್ದಾರೆ. ಪ್ರತಿ ವರ್ಷ ತಿಥಿಯ ಊಟಕ್ಕೆ ಕುಳಿತಾಗ, "ಹಟಮಾರಿ, ಒಂದು ಮಾತು ತಂಗಿಗಾದ್ರೂ ಹೇಳಿದ್ರೆ ಉಳೀತಿದ್ಲು" ಎಂದು ಅವಳನ್ನು ಬೈಯುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಅವರ ಎಲೆಗೆ ಬಡಿಸುತ್ತೇನೆ.