ನನ್ನ ಹೆಂಡತಿಗೆ ನಾನು ಹಾಕದ ಓಟು

ನನ್ನ ಹೆಂಡತಿ ನನಗಿಂತ ನಾಲ್ಕು ಇಂಚು ಎತ್ತರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ನಮ್ಮಿಬ್ಬರನ್ನು ಒಟ್ಟಿಗೆ ನೋಡಿದವರು ಮೊದಲು ಗಮನಿಸುವುದು ಅದನ್ನೇ. ಮಂಗಳೂರಿನಲ್ಲಿ ನಮ್ಮ ಮದುವೆಯಾದಾಗ ಫೋಟೋ ತೆಗೆಯುವವನು ಅವಳ ಹತ್ತಿರ ಬಂದು ಮೆಲ್ಲಗೆ, "ಸೀರೆಯೊಳಗೆ ಸ್ವಲ್ಪ ಮಂಡಿ ಬಗ್ಗಿಸಿಕೊಳ್ಳಿ, ಯಾರಿಗೂ ಗೊತ್ತಾಗುದಿಲ್ಲ" ಎಂದಿದ್ದ. ಆರತಕ್ಷತೆಗೆ ಬಂದವರೆಲ್ಲರ ಪಕ್ಕ ಅವಳು ಹಾಗೆಯೇ ನಿಂತಳು. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಸಮಾಧಾನವೂ ಆಗಿತ್ತು.

ಅಂಥವಳು ನಲವತ್ತು ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಪಾರ್ಕೊಂದರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಲು ಶುರು ಮಾಡಿದಳು. ಅವಳ ಆಫೀಸಿನ ಆಸ್ಟ್ರೇಲಿಯಾದವನೊಬ್ಬ ಹವ್ಯಾಸಕ್ಕೆ ಕಟ್ಟಿದ ತಂಡ, ಅವನೇ ಕೋಚು. ಜೀವಮಾನವೆಲ್ಲ ಜನ ಯಾವ ಎತ್ತರಕ್ಕೆ ಮುಖ ಸಿಂಡರಿಸಿದ್ದರೋ ಅದನ್ನು ಕಂಡು ಆತ ಕುಣಿದಾಡಿದ. ಅವಳನ್ನು ರಕ್ ಮಾಡಿದ. ಅಂಪೈರು ಚೆಂಡನ್ನು ಮೇಲಕ್ಕೆ ಎಸೆದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಎತ್ತರದವರು ಹಾರಿ, ಅದನ್ನು ತಮ್ಮವರ ಕೈಗೆ ಸಿಗುವಂತೆ ತಟ್ಟಬೇಕು. ಆ ಹಾರುವವರೇ ರಕ್. ಎತ್ತರದವರಿಗೆ ಇನ್ನೊಂದು ಜಾಗವೂ ಇದೆ. ಗೋಲಿನ ಮುಂದೆ ನಿಂತು, ದೂರದಿಂದ ಒದ್ದ ಚೆಂಡನ್ನು ತಲೆಯ ಮೇಲೆ ಹಿಡಿದು ಗೋಲು ಹೊಡೆಯುವ ಫಾರ್ವರ್ಡು. ಚಪ್ಪಾಳೆಯೆಲ್ಲ ಫಾರ್ವರ್ಡಿಗೆ. ರಕ್ ತಟ್ಟಿದ ಚೆಂಡು ಯಾರ ಕೈ ಸೇರಿತೋ ಹೆಸರು ಅವರದು.

ನಾನು ಆಡುವವನಲ್ಲ, ನೀರಿನ ಬಾಟಲಿ ಹೊರುವವನು. ಒಂದೂ ಪ್ರ್ಯಾಕ್ಟೀಸು ತಪ್ಪಿಸದೆ ನೋಡುತ್ತೇನೆಂದು ಕೋಚು, ಕ್ಯಾಪ್ಟನ್ ಜೊತೆಗೆ ನನ್ನನ್ನೂ ತಂಡ ಆರಿಸುವ ಮೂವರಲ್ಲಿ ಒಬ್ಬನನ್ನಾಗಿ ಮಾಡಿದ್ದರು.

ಕಳೆದ ಸೀಸನ್ನಿನ ಕೊನೆಯ ಪಂದ್ಯಕ್ಕೆ ಮುಂಚೆ ಅವಳ ಎಡ ಮಂಡಿ ಕೈಕೊಡತೊಡಗಿತ್ತು. "ಇದೊಂದು ಆಡಿ ನಿಲ್ಲಿಸ್ತೇನೆ ಮಾರಾಯ್ರೆ, ಮತ್ತೆ ನನ್ನಿಂದ ಆಗುದಿಲ್ಲ" ಎಂದಿದ್ದಳು. ಆಡುವವರ ಪಟ್ಟಿಯಲ್ಲಿ ಉಳಿದಿದ್ದದ್ದು ಎತ್ತರದವರಿಗೆ ಒಂದೇ ಜಾಗ. ಅದಕ್ಕೆ ಇವಳಲ್ಲದೆ ಇದ್ದ ಇನ್ನೊಬ್ಬಳು ಲಾಸ್ ಗ್ಯಾಟೋಸಿನ ಕಾಲೇಜು ಹುಡುಗಿ, ಒಳ್ಳೆಯ ಫಾರ್ವರ್ಡು.

ತೀರ್ಮಾನಕ್ಕೆ ಮೂವರೂ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಸೇರಿದೆವು. ಹೆಂಡತಿ ಒಂದು ತಟ್ಟೆ ಗೋಳಿಬಜೆ ತಂದಿಟ್ಟು, "ನೀವು ಮಾತಾಡಿ, ನಾನು ಗ್ರೋಸರಿಗೆ ಹೋಗಿ ಬರ್ತೇನೆ" ಎಂದು ಚೀಲ ಹಿಡಿದು ಹೊರಟಳು. ನಮಗೆ ಮುಜುಗರವಾಗಬಾರದೆಂದು.

ಕೋಚಿನ ಲೆಕ್ಕ ಸರಳವಾಗಿತ್ತು. ಫಾರ್ವರ್ಡನ್ನು ಅಗತ್ಯ ಬಿದ್ದರೆ ರಕ್‌ಗೆ ಹಾರಿಸಬಹುದು, ರಕ್ ಕೈಯಲ್ಲಿ ಗೋಲು ಹೊಡೆಸಲು ಆಗುವುದಿಲ್ಲ, ಆದ್ದರಿಂದ ಹುಡುಗಿ. ಪ್ಲೆಸೆಂಟನ್‌ನಿಂದ ಬಂದಿದ್ದ ನಮ್ಮ ಕ್ಯಾಪ್ಟನ್ ಬೆಂಗಳೂರಿನವಳು, ಕುಳ್ಳಗೆ ಚುರುಕಾದ ಹೆಣ್ಣು. ಇಂಗ್ಲಿಷಿನಲ್ಲಿ ವಾದ ಮಾಡಿ ಸಾಕಾಗಿ ನನ್ನ ಕಡೆ ತಿರುಗಿ, "ಸರ್, ಅವ್ರು ಟ್ಯಾಪ್ ಮಾಡಿದ್ರೆ ಬಾಲು ಸೀದಾ ನನ್ ಕೈಗೇ ಬರುತ್ತೆ. ಹುಡ್ಕೋ ಕೆಲ್ಸಾನೇ ಇಲ್ಲ. ನೀವಾದ್ರೂ ಹೇಳಿ" ಎಂದಳು.

ಹೇಳಬೇಕಾದದ್ದೆಲ್ಲ ನನಗೆ ಗೊತ್ತಿತ್ತು. ಹುಡುಗಿ ಹಾರುವಾಗ ಚೆಂಡನ್ನಷ್ಟೇ ನೋಡುತ್ತಾಳೆ. ನನ್ನ ಹೆಂಡತಿ ಹಾರುವ ಮುಂಚೆ ಕ್ಯಾಪ್ಟನ್ ಎಲ್ಲಿದ್ದಾಳೆಂದು ಒಮ್ಮೆ ಕತ್ತು ತಿರುಗಿಸಿ ನೋಡಿಕೊಳ್ಳುತ್ತಾಳೆ. ಅಲ್ಲಿ ನಮ್ಮವರಿಗೆ ಚೆಂಡು ಸಿಗದಿದ್ದರೆ ಗೋಲಿನ ಮುಂದೆ ಎಂಥ ಫಾರ್ವರ್ಡು ನಿಂತರೂ ಕೈ ಕಟ್ಟಿಕೊಂಡೇ ನಿಲ್ಲಬೇಕು. ಆದರೆ ನಾನು ಮೈಸೂರಿನ ನಮ್ಮ ಮನೆಯಲ್ಲಿ, ಪಂಕ್ತಿಯಲ್ಲಿ ಬಡಿಸುವಾಗ ಮನೆಯವರ ಎಲೆಗೆ ಕೊನೆಗೆ ಹೋಗಬೇಕು ಎಂದು ಕಲಿತು ಬೆಳೆದವನು. ಅಷ್ಟರಲ್ಲಿ ಪಾಯಸ ಮುಗಿದರೆ ಮುಗಿಯಿತು. ಹೆಂಡತಿಯ ಪರ ಮಾತಾಡಿದನೆಂದು ನಾಳೆ ಯಾರಾದರೂ ಆಡಿಕೊಂಡರೆ?

ಹುಡುಗಿಯೇ ಇರಲಿ ಎಂದುಬಿಟ್ಟೆ. ಕ್ಯಾಪ್ಟನ್ ಗೋಳಿಬಜೆಯನ್ನು ಅರ್ಧಕ್ಕೇ ತಟ್ಟೆಯಲ್ಲಿಟ್ಟಳು. ಕೋಚು ಅಲ್ಲೇ ಫೋನಿನಲ್ಲಿ ಪಟ್ಟಿ ಕಳಿಸಿದ.

ಅವರು ಹೋದ ಮೇಲೆ ಹೆಂಡತಿ ಬಂದಳು. ಹೇಳಿದೆ. "ಸರಿ" ಎಂದು ಕೊತ್ತಂಬರಿ ಸೊಪ್ಪನ್ನು ಸೋಸಲು ಕುಳಿತಳು. ಸೊಪ್ಪಿನಿಂದ ತಲೆ ಎತ್ತದೆ ಕೇಳಿದಳು: "ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಾನು ನಿಮ್ಮ ಹೆಂಡತಿ ಅಲ್ಲದಿದ್ರೆ ಎಂತ ಹೇಳ್ತಿದ್ರಿ?"

ನಿಷ್ಪಕ್ಷಪಾತಿ ಎಂದು ಬೀಗುತ್ತಿದ್ದ ನಾನು ಮೂವರಲ್ಲಿ ಅತಿ ದೊಡ್ಡ ಪಕ್ಷಪಾತಿಯಾಗಿದ್ದೆ, ಅದೂ ಅವಳ ವಿರುದ್ಧ. ನಾಚಿಕೆಯಾಯಿತು. "ನಿನ್ನ ಹೆಸರೇ ಹೇಳ್ತಿದ್ದೆ" ಎಂದು ಕೋಚಿಗೆ ಕರೆ ಮಾಡಲು ಫೋನೆತ್ತಿಕೊಂಡೆ. ಅವಳು ನನ್ನ ಕೈ ಹಿಡಿದಳು.

"ಬೇಡ. ಆ ಹುಡುಗಿ ಇಷ್ಟೊತ್ತಿಗೆ ಮನೆಯವರಿಗೆಲ್ಲ ಹೇಳಿ ಆಗಿರ್ತದೆ. ಕೊಟ್ಟದ್ದನ್ನು ಕಿತ್ತುಕೊಳ್ಳುದು ಬೇಡ."

"ನಿನ್ನ ಕೊನೇ ಆಟ ಕಣೇ."

"ಗೊತ್ತುಂಟು" ಎಂದಳು, ಮತ್ತು ಆಗ ಅವಳ ಕಣ್ಣು ತುಂಬಿತು.

ಮುಂದಿನ ಪ್ರ್ಯಾಕ್ಟೀಸಿನಲ್ಲಿ ನಾನು ಕೋಚಿನ ಮುಂದೆ, ಕ್ಯಾಪ್ಟನ್ ಮುಂದೆ ತಪ್ಪೊಪ್ಪಿಕೊಂಡೆ. ಅದರಿಂದ ನನ್ನ ಮನಸ್ಸು ಹಗುರಾಯಿತೇ ಹೊರತು ಅವಳಿಗೇನೂ ಸಿಗಲಿಲ್ಲ. ಅವಳು ಅಷ್ಟರಲ್ಲಿ ಆ ಹುಡುಗಿಯನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಹಾರುವ ಮುಂಚೆ ಕತ್ತು ತಿರುಗಿಸುವುದನ್ನು ಕಲಿಸುತ್ತಿದ್ದಳು. ಮತ್ತೆ ಮತ್ತೆ ಚೆಂಡು ಎಸೆದಳು, ಮಂಡಿಗೆ ಪಟ್ಟಿ ಕಟ್ಟಿಕೊಂಡೇ.

ಪಂದ್ಯದ ದಿನ ನಾವಿಬ್ಬರೂ ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತೆವು. ಹುಡುಗಿ ಎರಡು ಗೋಲು ಹೊಡೆದಳು. ರಕ್‌ಗೆ ಹಾರಿದಾಗ ಕೆಲವು ಸಲ ಕತ್ತು ತಿರುಗಿಸಿದಳು, ಕೆಲವು ಸಲ ಮರೆತಳು. ಮರೆತಾಗಲೆಲ್ಲ ನನ್ನ ಹೆಂಡತಿಯ ಕತ್ತು ತಾನಾಗಿ ಕ್ಯಾಪ್ಟನ್ ಕಡೆ ತಿರುಗುತ್ತಿತ್ತು. ಸ್ವಲ್ಪದರಲ್ಲಿ ಸೋತೆವು.

ಕೊನೆಗೆ ಕ್ಯಾಪ್ಟನ್ ಫೋನು ಹಿಡಿದು ಬಂದು, "ನೀವಿಬ್ರೂ ನಿಂತ್ಕೊಳಿ, ಒಂದು ಫೋಟೋ" ಎಂದಳು. ನಿಂತೆವು. ನನ್ನ ಪಕ್ಕದಲ್ಲಿ ಹೆಂಡತಿ ಮೆಲ್ಲಗೆ ತಗ್ಗಿದಳು. ಇಷ್ಟು ವರ್ಷದ ಅಭ್ಯಾಸ, ಆ ನೋಯುವ ಮಂಡಿಯಲ್ಲೂ.

"ಮಂಡಿ ನೆಟ್ಟಗೆ ಮಾಡು" ಎಂದೆ.

"ಕುಳ್ಳ ಕಾಣ್ತೀರಿ ಮಾರಾಯ್ರೆ."

"ಇರೋದೇ ಕುಳ್ಳ. ನೀನು ನೆಟ್ಟಗೆ ನಿಲ್ಲು."

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ನನ್ನ ಭುಜದ ಮೇಲೆ ಕೈಯೂರಿ, ಪೂರ್ತಿ ಎದ್ದು ನಿಂತಳು.